ಬೀಬಿಯ ಗಾಲೀಚೆಯ ಮೇಲೆ ಬಿದ್ದ ಮೇಣ

ನಮ್ಮ ಅತ್ತೆಯವರು ದೀಪವನ್ನು ಬಾಯಿಂದ ಊದಿ ಆರಿಸಿದ್ದನ್ನು ನಾನು ಒಮ್ಮೆಯೂ ಕಾಣಲಿಲ್ಲ. ಎಂಜಲು ಗಾಳಿ ದೀಪಕ್ಕೆ ತಾಗಬಾರದು. ದಿನನಿತ್ಯದ ಹಣತೆಯಾದರೆ ಹೂವಿನ ತೊಟ್ಟಿನಿಂದ ಬತ್ತಿಯನ್ನು ಮೆಲ್ಲಗೆ ಎಣ್ಣೆಯೊಳಗೆ ಜಾರಿಸುವರು. ಶುಭಕಾರ್ಯಕ್ಕೆ ಹಚ್ಚಿದ್ದಾದರೆ ಬತ್ತಿಯ ತುದಿಗೆ ಹಾಲಿನ ಹನಿ ಬಿಟ್ಟು ಶಾಂತ ಮಾಡುವರು. ನಾನು ಓದಿದ ಕಾನ್ವೆಂಟಿನಲ್ಲಿ ಮೇಣಬತ್ತಿ ಆರಿಸಲು ಉದ್ದ ಹಿಡಿಕೆಯ ತಗಡಿನ ಟೊಪ್ಪಿಗೆಯೊಂದು ಇತ್ತು. ಇಳಕಲ್ಲಿನ ನಮ್ಮ ಮನೆಯಲ್ಲಿ ಅಂಥದ್ದು ಎಲ್ಲಿಂದ ಬರಬೇಕು?

ನಾನು ಮದುವೆಯಾಗಿ ಬಂದ ಹೊಸತು. ನನ್ನ ನಾದಿನಿಯನ್ನು ನೋಡಲು ಹುನಗುಂದದಿಂದ ಗಂಡಿನ ಕಡೆಯವರು ಬರುವವರಿದ್ದರು. ಅವರನ್ನು ಕೂರಿಸಲು ಅತ್ತೆಯವರು ಪಕ್ಕದ ಮನೆಯ ಬೀಬಿಯಿಂದ ಗಾಲೀಚೆ ತಂದು ಪಡಸಾಲೆಯಲ್ಲಿ ಹಾಸಿದರು. ಬೀಬಿ ಅತ್ತೆಯವರ ಓರಗೆಯ ಮುಸಲ್ಮಾನ ಹೆಂಗಸು. ಎರಡೂ ಹಿತ್ತಲುಗಳ ನಡುವೆ ಸೊಂಟದೆತ್ತರದ ಗೋಡೆ. ಅದರ ಮೇಲೆ ಯಾವಾಗಲೂ ಈ ಮನೆಯದೋ ಆ ಮನೆಯದೋ ಒಂದು ಬಟ್ಟಲು ಕೂತಿರುತ್ತಿತ್ತು. ಗಾಲೀಚೆ ದಾಳಿಂಬೆಯ ಕೆಂಪು, ಅಂಚಿನುದ್ದಕ್ಕೂ ನೀಲಿ ಬಳ್ಳಿ. ಮರುದಿನ ಮಧ್ಯಾಹ್ನ ಬೀಬಿಯ ಮೊಮ್ಮಗಳ ನಿಕಾ. ವರ ಕೂರಬೇಕಾದದ್ದು ಅದರ ಮೇಲೆಯೇ.

"ಅಂಥಾದ್ದರಾಗ ಹೆಂಗ ಕೊಡ್ತಿ? ನಾ ಒಲ್ಲೆ" ಎಂದಿದ್ದರು ಅತ್ತೆ.

"ಒಯ್ಯವಾ ಅಕ್ಕಾ, ನಿನ್ನ ಮಗಳೂ ನನಗ ಹೊರಗಿನಾಕಿ ಏನ? ಮುಂಜಾನಿ ಬಂದು ನಾನ ಒಯ್ತೀನಿ" ಎಂದು ಬೀಬಿ ಸುರುಳಿಯನ್ನು ಗೋಡೆಯ ಮೇಲಿಂದ ಈಚೆ ಉರುಳಿಸಿದ್ದರು.

ಬರುವವರ ಬಂಡಿ ತಡವಾಗಿ, ಅವರು ಕೂರುವಷ್ಟರಲ್ಲಿ ಹೊತ್ತು ಮುಳುಗುತ್ತಿತ್ತು. ಅತ್ತೆಯವರು ನನ್ನನ್ನು ಒಳಗೆ ಕರೆದು, "ನಿನ್ನ ಟ್ರಂಕಿನಾಗಿನ ಬಿಳೀ ಬತ್ತಿ ತಗೀ. ಕಂದೀಲಿನ ಬೆಳಕಿನಾಗ ಹುಡುಗಿ ಕಾಮಾಲಿ ಆದಂಗ ಕಾಣ್ತಾಳ" ಎಂದರು. ಎತ್ತರದ ಹಿತ್ತಾಳೆ ದೀಪದ ಕಂಬದ ಮೇಲೆ ಮೇಣಬತ್ತಿಗಳನ್ನು ನಿಲ್ಲಿಸಿದೆವು. ನಿಜಕ್ಕೂ ಚೆಂದ ಕಂಡಿತು. ನಾದಿನಿಯ ಮೂಗುತಿ ಮಿನುಗಿದ್ದು ನನಗೆ ಬಾಗಿಲ ಮರೆಯಿಂದಲೇ ಕಾಣುತ್ತಿತ್ತು. ಬಂದವರು ಉಂಡಿ ತಿಂದು, ನಗುನಗುತ್ತಲೇ ಹೋದರು.

ನಾನು ತಟ್ಟೆಗಳನ್ನು ಒಳಗೆ ಒಯ್ದಿದ್ದೆ. ಪಡಸಾಲೆಯಲ್ಲಿ 'ಚಿರ್ರ್' ಎಂದಿತು, ಹಿಂದೆಯೇ ಕಂಬ ಬಿದ್ದ ಸದ್ದು. ಓಡಿ ಬಂದು ನೋಡಿದರೆ ಅತ್ತೆಯವರ ಕೈಯಲ್ಲಿ ಹಾಲಿನ ಬಟ್ಟಲು. ಶುಭಕಾರ್ಯದ ದೀಪವೆಂದು ಮೇಣಬತ್ತಿಗೂ ಹಾಲು ಬಿಟ್ಟಿದ್ದರು! ಕರಗಿ ನಿಂತ ಮೇಣಕ್ಕೆ ಹಾಲು ಬಿದ್ದು ಸಿಡಿದಿದೆ, ಬೆಚ್ಚಿದ ಅವರ ಮೊಳಕೈ ಕಂಬಕ್ಕೆ ತಾಗಿದೆ. ಗಾಲೀಚೆಯ ನಟ್ಟನಡುವೆ ಅಂಗೈಯಗಲ ಮೇಣ ಹರಡಿತ್ತು. ದೀಪಗಳಂತೂ ಶಾಂತವಾಗಿದ್ದವು.

"ಬಿಸಿನೀರ ತಾ! ಶೀಗಿಕಾಯಿ ತಾ!" ಎಂದು ಅತ್ತೆ ನಾದಿನಿಗೆ ಕೂಗಿದರು.

"ಬಿಸಿನೀರ ಬ್ಯಾಡ್ರಿ ಅತ್ತೀ" ಎಂದೆ. ಕರಗಿದ್ದು ಎಣ್ಣೆಯಂತೆ ಬುಡಕ್ಕಿಳಿದರೆ ಮತ್ತೆ ಮೇಲೇಳುವುದಿಲ್ಲ. ಕಾನ್ವೆಂಟಿನಲ್ಲಿ ಹಬ್ಬದ ಪ್ರಾರ್ಥನೆ ಮುಗಿದೊಡನೆ ನಾವು ಹುಡುಗಿಯರು ಪ್ರಾರ್ಥನಾ ಮಂದಿರದ ಹಾಸು ಸ್ವಚ್ಛ ಮಾಡಲು ಹೋದಾಗ, ಸಿಸ್ಟರೊಬ್ಬರು ಮೊದಲು ನಮ್ಮ ಕೈಗಳನ್ನು ಬೆನ್ನ ಹಿಂದೆ ಕಟ್ಟಿಸುತ್ತಿದ್ದರು. ಮೇಣ ಗಟ್ಟಿಯಾಗುವ ತನಕ ಯಾರೂ ಮುಟ್ಟುವಂತಿಲ್ಲ.

"ಮುಟ್ಟಬ್ಯಾಡ ಅಂದ್ರ? ಸುಮ್ನ ನೋಡಕೋಂತ ಕುಂದ್ರೂದೇನ?"

"ಹೂಂ ರೀ. ಕುಂದ್ರೂದ."

ಹಾಲನ್ನಷ್ಟೇ ತಣ್ಣೀರಿನ ಅರಿವೆಯಿಂದ ಒತ್ತಿ ತೆಗೆದೆ. ಅಷ್ಟರಲ್ಲಿಯೇ ಇರುವೆಗಳ ಸಾಲು ನೀಲಿ ಬಳ್ಳಿಯ ಗುಂಟ ಹೊರಟಿತ್ತು. ಅತ್ತೆಯವರು ಗೋಡೆಗೆ ಒರಗಿ, "ಆಕಿ ನಂಬಿ ಕೊಟ್ಟಾಳ. ನಾಳಿ ಯಾವ ಮುಖಾ ಇಟಗೊಂಡು ನಿಕಾಕ್ಕ ಹೋಗ್ಲಿ?" ಎಂದರು. ಅವರ ದನಿ ಅಷ್ಟು ಸಣ್ಣದಾದದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ.

ಬೆಳಗಾಗುವಷ್ಟರಲ್ಲಿ ಮೇಣ ಬಿಲ್ಲೆಯಾಗಿತ್ತು. ತೆಂಗಿನ ಚಿಪ್ಪಿನ ಚೂರಿನಿಂದ ಮೀಟಿದಾಗ ಮೇಲಿನದು ಪದರ ಪದರವಾಗಿ ಎದ್ದುಬಂತು. ಉಳಿದದ್ದು ಉಣ್ಣೆಯ ಎಳೆಗಳೊಳಗೆ ಸಿಕ್ಕಿಕೊಂಡದ್ದು. ಅದನ್ನು ಬಿಸಿ ಇಸ್ತ್ರಿಯಿಂದ ಕರಗಿಸಿ ಕಾಗದಕ್ಕೆ ಹೀರಿಸಬೇಕು. ನಮ್ಮಲ್ಲಿ ಇಸ್ತ್ರಿ ಇರಲಿಲ್ಲ. ಹಿತ್ತಾಳೆಯ ತಂಬಿಗೆಯೊಳಗೆ ಕೆಂಡ ತುಂಬಿ, ಹಿಡಿಯಲು ಕಂಠಕ್ಕೆ ಅರಿವೆ ಸುತ್ತಿದೆ. ಮಾವನವರ ಸೀರೆ ಅಂಗಡಿಯಿಂದ, ಸೀರೆ ಸುತ್ತುವ ಒರಟು ಕಾಗದ ತಂದುಕೊಂಡೆ. ತಂಬಿಗೆಯ ತಳವನ್ನು ಮೊದಲು ಗಾಲೀಚೆಯ ಹಿಂಬದಿಯ ಮೂಲೆಗೆ ತಾಗಿಸಿ, ಉಣ್ಣೆ ಕಮರುವುದಿಲ್ಲ, ಬಣ್ಣ ಬಿಡುವುದಿಲ್ಲ ಎಂದು ನೋಡಿಕೊಂಡೆ. ಬಳಿಕ ಕಲೆಯ ಮೇಲೆ ಕಾಗದವಿಟ್ಟು, ಉಜ್ಜದೆ, ಬರೀ ಒತ್ತಿದೆ. ಕಾಗದದಲ್ಲಿ ಬಜಿಯ ಜಿಡ್ಡಿನಂಥ ಮಚ್ಚೆ ಮೂಡಿತು. ಬೇರೆ ಕಾಗದ, ಮತ್ತೆ ಮಚ್ಚೆ.

"ಏರಾಕತ್ತೈತಿ! ಏ ಹುಡುಗಿ, ಮೇಣ ಮ್ಯಾಲ ಏರಾಕತ್ತೈತಿ!" ಎಂದು ಅತ್ತೆ ಬಾಗಿ ಬಾಗಿ ನೋಡಿದರು.

ಆಗಲೇ ಹಿತ್ತಲಿನಿಂದ ಬೀಬಿಯ ದನಿ ಕೇಳಿಸಿತು: "ಅಕ್ಕಾ, ಬಂದೆ!"

ನಾನು ತಂಬಿಗೆ ಎತ್ತಿಕೊಳ್ಳುವಷ್ಟರಲ್ಲಿ ಅತ್ತೆಯವರು ಕಲೆಯ ಮೇಲೆ, ಕಾಗದದ ಸಮೇತ, ದೊಪ್ಪನೆ ಕುಳಿತುಬಿಟ್ಟರು. ಬೀಬಿ ಒಳಗೆ ಬಂದರು.

"ಏಳವಾ, ಸುತ್ತಗೊಂಡು ಹೊಕ್ಕೀನಿ."

"ಕುಂದ್ರ ಬಾ, ಚಾ ಕುಡದು ಹೋಗು."

"ನಿಕಾದ ಮನ್ಯಾಗ ನನಗ ಚಾ ಕುಡೀಲಿಕ್ಕ ಪುರಸೊತ್ತೆಲ್ಲೈತಿ? ಏಳ."

"ಮೊಳಕಾಲ ಹಿಡದಾವ."

"ನಿನ್ನಿ ಗೋಡಿ ಮ್ಯಾಲಿಂದ ಇದನ್ನ ಹೊತಗೊಂಡು ಓಡಿದಿ. ಇವತ್ತ ಮೊಳಕಾಲ ಹಿಡದ್ವಾ?" ಎನ್ನುತ್ತ ಬೀಬಿ ರಟ್ಟೆ ಹಿಡಿದು ಎಬ್ಬಿಸಿದರು. ಅತ್ತೆಯವರು ಎದ್ದರು, ಜೊತೆಗೆ ಕಾಗದವೂ ಎದ್ದಿತು. ಬೆಚ್ಚಗಿದ್ದ ಮೇಣ ಅದನ್ನು ಅವರ ಸೀರೆಗೆ ಅಂಟಿಸಿಬಿಟ್ಟಿತ್ತು. ಹಿಂದೆ ಬಾಲದಂತೆ ಜೋತಾಡುವ ಕಾಗದವನ್ನು ಕಂಡು ನಾದಿನಿ ಕಿಸಕ್ಕೆಂದಳು. ನಾನು ಕೆಂಡದ ತಂಬಿಗೆಯನ್ನು ಬೆನ್ನ ಹಿಂದೆ ಸರಿಸಿದೆ.

ಬೀಬಿ ಕಾಗದ ನೋಡಿದರು, ಕಲೆ ನೋಡಿದರು. ಅತ್ತೆಯವರು ತಲೆ ತಗ್ಗಿಸಿ, ಹಾಲಿನಿಂದ ಹಿಡಿದು ಎಲ್ಲವನ್ನೂ ಹೇಳಿದರು.

"ಅದಿರಲಿ" ಎಂದರು ಬೀಬಿ. "ಹುಡುಗಿ ಮನಸಿಗೆ ಬಂದಳೇನ ಅವರಿಗೆ?"

"ಬಂದಂಗೈತಿ."

"ಹಂಗಾದ್ರ ಅಳೂದ್ಯಾಕ? ಒತ್ತವಾ ಸೊಸಿ, ನಾ ಕಾಗದಾ ಹಿಡೀತೀನಿ" ಎಂದು ಅಲ್ಲಿಯೇ ಕೂತರು. ಪುರಸೊತ್ತಿಲ್ಲದವರು ಚಹಾವನ್ನೂ ಕುಡಿದರು. ಕಾಗದದಲ್ಲಿ ಮಚ್ಚೆ ಮೂಡುವುದು ನಿಂತ ಮೇಲೆ, ಮಲಗಿದ್ದ ಎಳೆಗಳನ್ನು ನಾದಿನಿಯ ಕಟ್ಟಿಗೆಯ ಬಾಚಣಿಗೆಯಿಂದ ಮೆಲ್ಲಗೆ ಎಬ್ಬಿಸಿದೆ. ಅತ್ತೆಯವರ ಕಣ್ಣಿಗೆ ಮಾತ್ರ ಕಲೆ ಇನ್ನೂ ಕಾಣುತ್ತಿತ್ತು. ಈ ಬದಿಯಿಂದ ಇಲ್ಲ, ಆ ಬದಿಯಿಂದ ಐತಿ ಎನ್ನುತ್ತಲೇ ಗಾಲೀಚೆಯನ್ನು ಕಳಿಸಿಕೊಟ್ಟರು.

ಮಧ್ಯಾಹ್ನ ನಾವು ಪರದೆಯ ಈಚೆ ಹೆಂಗಸರ ನಡುವೆ ಕುಳಿತಿದ್ದೆವು. ವರ ಬಂದನೆಂದು ಗದ್ದಲವೆದ್ದಾಗ ಎಲ್ಲರೂ ಪರದೆಯ ಸಂದಿಯಿಂದ ಅವನ ಮುಖ ನೋಡಲು ಕತ್ತು ಚಾಚಿದರು. ಅತ್ತೆಯವರು ನೆಲಕ್ಕೆ ಬಾಗಿ, ಪರದೆಯ ಕೆಳ ಅಂಚನ್ನು ಎರಡು ಬೆರಳಿನಿಂದ ಎತ್ತಿ ನೋಡುತ್ತಿದ್ದರು.

"ಎಲ್ಲಾರೂ ವರನ್ನ ನೋಡಿದ್ರ, ನೀ ಗಾಲೀಚಿ ನೋಡಾಕತ್ತಿಯಲ್ಲ!" ಎಂದು ಬೀಬಿ ಹಿಂದಿನಿಂದ ಚಿವುಟಿದರು.

ಅತ್ತೆಯವರು ಸೆರಗು ಸರಿಮಾಡಿಕೊಂಡು ನೆಟ್ಟಗೆ ಕುಳಿತರು. "ವರಾ ಬಂಗಾರದಂಗ ಅದಾನ ಬಿಡವಾ" ಎಂದರು. ಅವನ ಮುಖವನ್ನು ಅವರು ಇನ್ನೂ ನೋಡಿಯೇ ಇರಲಿಲ್ಲ.