ಮಾರ್ಥಳ ಭಾನುವಾರ

ನಮ್ಮ ಮನೆಯಲ್ಲಿ ಭಾನುವಾರದ ಪ್ರಸಂಗ ಶನಿವಾರ ಸಂಜೆಯೇ ಒಮ್ಮೆ ಆಗಿಬಿಡುತ್ತಿತ್ತು. ಅದೂ ಅಡಿಗೆಮನೆಯಲ್ಲಿ, ತುಳುವಿನಲ್ಲಿ. ಇವರು, ಎಂದರೆ ನನ್ನ ಗಂಡ, ಪಣಂಬೂರಿನ ಬಂದರಿನಲ್ಲಿ ಕೆಲಸಕ್ಕಿದ್ದವರು. ನಮ್ಮ ಚರ್ಚಿನ ಪಾದ್ರಿ ಅಯ್ಯನವರು ಬೇರೆ ಸಭೆಗೆ ಹೋದ ಭಾನುವಾರಗಳಲ್ಲಿ, ಬೈಬಲಿನ ಮಾತನ್ನು ಬಿಡಿಸಿ ಹೇಳುವ ಪ್ರಸಂಗದ ಜವಾಬ್ದಾರಿ ಇವರದು. ಚರ್ಚಿನಲ್ಲಿ ಹಾಡು, ಪ್ರಾರ್ಥನೆ, ಪ್ರಸಂಗ ಎಲ್ಲವೂ ಕನ್ನಡ. ಆರಾಧನೆ ಮುಗಿಸಿ ಅಂಗಳಕ್ಕೆ ಬಂದ ಕೂಡಲೇ ಎಲ್ಲರ ಬಾಯಲ್ಲೂ ತುಳು. ಯಾರಿಗೂ ಇದು ವಿಚಿತ್ರ ಅನ್ನಿಸಿದ್ದಿಲ್ಲ.

ಇವರದೊಂದು ನಿಯಮವಿತ್ತು. ಕನ್ನಡದಲ್ಲಿ ಬರೆದದ್ದನ್ನು ಮೊದಲು ನನಗೆ ತುಳುವಿನಲ್ಲಿ ಹೇಳಬೇಕು. ಮೀನು ಕೊಯ್ಯುತ್ತಿರುವವಳ ತಲೆಗೆ ಹೋಗದ ಮಾತು ಬೆಂಚಿನಲ್ಲಿ ಕೂತು ತೂಕಡಿಸುವವರ ತಲೆಗೆ ಹೋಗುವುದುಂಟೇ ಎಂದು ಇವರ ವಾದ. ನಾನು ಕೇಳುವವಳೇ, ಆದರೆ ಸುಮ್ಮನೆ ಕೇಳುವ ಜಾತಿ ಅಲ್ಲ. ಕ್ರಿಸ್ಮಸ್ಸಿಗೆ ಮುಂಚಿನ ಆಗಮನ ಕಾಲದಲ್ಲಿ ನಾನು ತೆಂಗಿನಕಾಯಿ ತುರಿಯುತ್ತಿದ್ದರೆ ಯೋಹಾನನು ಅರಣ್ಯದಲ್ಲಿ ಕೂಗುತ್ತಿದ್ದ. ಲೆಂಟ್ ಬಂದರೆ ಉಪವಾಸದ ಪ್ರಸಂಗವನ್ನು ಒಗ್ಗರಣೆಯ ವಾಸನೆಯ ನಡುವೆ ಕೇಳಬೇಕಿತ್ತು. ಈಸ್ಟರ್ ಕಳೆದ ಮೇಲೆ ಕರ್ತನು ದಡದಲ್ಲಿ ಕೆಂಡ ಮಾಡಿ ಶಿಷ್ಯರಿಗೆ ಮೀನು ಸುಟ್ಟು ಕೊಟ್ಟ ಕಥೆ. ಆ ಮೀನು ಬಂಗುಡೆಯೋ ಬೂತಾಯಿಯೋ ಎಂದು ನಾವಿಬ್ಬರೂ ಜಗಳ ಆಡಿದ್ದೂ ಉಂಟು.

ಓದಬೇಕಾದ ಸುವಾರ್ತೆಯ ಭಾಗವನ್ನು ಪ್ರಸಂಗ ಮಾಡುವವರು ಆರಿಸುವಂತಿಲ್ಲ. ಯಾವ ಭಾನುವಾರಕ್ಕೆ ಯಾವುದು ಎಂದು ಮೊದಲೇ ಗೊತ್ತುಮಾಡಿರುತ್ತಾರೆ, ಕೆಲವು ವರ್ಷಕ್ಕೊಮ್ಮೆ ಅದೇ ಕಥೆ ಸುತ್ತಿ ಬರುತ್ತದೆ. ಹಾಗೆ ಬರುವ ಕಥೆಗಳಲ್ಲಿ ನನಗೆ ಆಗದ್ದು ಒಂದೇ, ಮಾರ್ಥ ಮತ್ತು ಮರಿಯರದು. ಕರ್ತನು ಅಕ್ಕತಂಗಿಯರ ಮನೆಗೆ ಬರುತ್ತಾನೆ. ತಂಗಿ ಮರಿಯ ಅವನ ಪಾದದ ಬಳಿ ಕೂತು ಮಾತು ಕೇಳುತ್ತಾಳೆ. ಅಕ್ಕ ಮಾರ್ಥ ಅಡಿಗೆಮನೆಯಲ್ಲಿ ಬೇಯುತ್ತಾಳೆ. ತಂಗಿ ಕೈಜೋಡಿಸುವುದಿಲ್ಲ ಎಂದು ದೂರಿದರೆ, ‘ಮಾರ್ಥಾ, ಮಾರ್ಥಾ’ ಎಂದು ಕರೆದು ಅವಳಿಗೇ ಬುದ್ಧಿ ಹೇಳುತ್ತಾನೆ. ಕೊನೆಗೆ ಹೊಗಳಿಕೆ ಯಾರಿಗೆ? ಕೂತವಳಿಗೆ. ಇವರು ಪ್ರತಿ ಸಲವೂ ಮರಿಯಳ ಪರವೇ ಮಾತಾಡುತ್ತಿದ್ದರು. ಪ್ರತಿ ಸಲವೂ ನಾನು ಕತ್ತಿ ಕೆಳಗಿಟ್ಟು ಕೇಳುತ್ತಿದ್ದೆ:

“ಅಟಿಲ್ ಏರ್ ಮಲ್ಪುನು?” ಅಡಿಗೆ ಯಾರು ಮಾಡುವುದು?

ಇವರು ನಕ್ಕು ಮುಂದಿನ ಸಾಲಿಗೆ ಹೋಗುತ್ತಿದ್ದರು.

ನಿವೃತ್ತಿಯಾದ ಮೇಲೆ ಇವರಿಗೆ ಉಳಿದ ದೊಡ್ಡ ಸಂತೋಷ ಈ ಪ್ರಸಂಗ ಒಂದೇ. ಹಾಗಿರುವಾಗ ಒಂದು ಕ್ರಿಸ್ಮಸ್ ಕಳೆದ ಹೊಸತರಲ್ಲಿ, ಬೆಳಿಗ್ಗೆ ಚಾ ಕುಡಿಯುತ್ತಿದ್ದವರ ಕೈಯಿಂದ ಲೋಟ ಬಿತ್ತು. ಬಲಗೈ, ಬಲಗಾಲು, ಮಾತು ಮೂರೂ ಒಟ್ಟಿಗೆ ಹೋದವು. ಆಸ್ಪತ್ರೆಯಿಂದ ಮನೆಗೆ ಬಂದ ಮೇಲೂ ಬಾಯಿ ತೆರೆಯುತ್ತಿದ್ದರು, ಶಬ್ದ ಬರುತ್ತಿರಲಿಲ್ಲ. ಲೆಂಟ್ ಹಿಡಿಯಿತು. ಒಂದು ದಿನ ನಾನು ಚಮಚ ಹಿಡಿದು ಬಾಯಿಯ ಹತ್ತಿರ ತಂದಾಗ ಮುಖ ತಿರುಗಿಸಿ ಸ್ಪಷ್ಟವಾಗಿ ಹೇಳಿದರು:

“ಎಂಕ್ ಗಂಜಿ ಬೊಡ್ಚಿ.”

ನನಗೆ ಗಂಜಿ ಬೇಡ ಎಂದು. ನಾನು ಗೊಳೋ ಎಂದು ಅತ್ತೆ. ಅತ್ತು ಮುಗಿಸಿ ಅದೇ ಗಂಜಿಯನ್ನು ಬಾಯಿಗೆ ಹಾಕಿದೆ.

ಆಮೇಲೆ ತುಳು ಒಂದೊಂದೇ ಮಾತಾಗಿ ಮರಳಿತು. ಕನ್ನಡ ಮರಳಲಿಲ್ಲ. ಓದಿ ಹೇಳಿದರೆ ಎಲ್ಲ ಅರ್ಥವಾಗುತ್ತದೆ, ಹಾಡಿಗೆ ತಲೆ ಆಡಿಸುತ್ತಾರೆ, ಆದರೆ ಒಂದು ವಾಕ್ಯ ಹೇಳಲು ಹೊರಟರೆ ಗಂಟಲಲ್ಲೇ ನಿಲ್ಲುತ್ತದೆ. ಹಾಗೂ ಆಗುವುದುಂಟು, ಮೊದಲು ಕಲಿತದ್ದು ಮೊದಲು ಬರಬಹುದು ಎಂದರು ಡಾಕ್ಟರು. ಇವರು ಮಾತ್ರ ಗೋಡೆ ನೋಡುತ್ತಾ, ಇನ್ನು ನನ್ನ ಕೆಲಸ ಮುಗಿಯಿತು ಎಂದರು. ಈಸ್ಟರಿನ ದಿನ ಹಿಂದಿನ ಬೆಂಚಿನಲ್ಲಿ ಕೂತು, ಪ್ರಸಂಗ ಶುರುವಾದಾಗ ಕಣ್ಣು ಮುಚ್ಚಿಕೊಂಡರು. ಅವರನ್ನು ಹಾಗೆ ನೋಡುವುದು ನನಗೆ ಆಸ್ಪತ್ರೆಯ ದಿನಗಳಿಗಿಂತ ಕಷ್ಟವಾಯಿತು. ಗಂಡ ಬದುಕಿ ಬಂದಿದ್ದರು, ಆದರೆ ನನ್ನ ಶನಿವಾರಗಳ ಗಂಡ ಬಂದಿರಲಿಲ್ಲ.

ಮಳೆಗಾಲದಲ್ಲಿ ಅಯ್ಯನವರು ಮನೆಗೆ ಬಂದರು. ಘಟ್ಟದ ಮೇಲಿನವರು, ಸಭೆಗೆ ಹೊಸಬರು, ತುಳು ಒಂದಕ್ಷರ ಬಾರದು.

“ಬರುವ ಭಾನುವಾರ ಇವರು ತುಳುವಿನಲ್ಲೇ ಪ್ರಸಂಗ ಮಾಡಲಿ ಅಮ್ಮ. ನೀವು ಪಕ್ಕದಲ್ಲಿ ನಿಂತು ಕನ್ನಡದಲ್ಲಿ ಹೇಳಿ. ನನ್ನ ಹಾಗೆ ತುಳು ಬಾರದವರೂ ಕೆಲವರಿದ್ದೇವಲ್ಲ” ಎಂದರು.

ಇವರು ಎಡಗೈ ಅಲ್ಲಾಡಿಸಿದರು. ನಾಲಿಗೆ ಎಳೆಯುತ್ತದೆ, ಜನ ನಗುತ್ತಾರೆ ಎಂದರು. ನನಗೆ ಸಿಟ್ಟು ನೆತ್ತಿಗೇರಿತು. ಅಯ್ಯನವರಿಗೂ ತಿಳಿಯಲಿ ಎಂದು ಕನ್ನಡದಲ್ಲೇ ಬೈದೆ.

“ಇಷ್ಟು ವರ್ಷ ನನಗೆ ಹೇಳಿದ್ದು ಎಂತ ಹಾಗಾದ್ರೆ? ಅದು ಪ್ರಸಂಗ ಅಲ್ವಾ? ನಾನು ಜನ ಅಲ್ವಾ?”

ಇವರು ಆಯಿತು ಎಂದು ತಲೆ ಆಡಿಸಿದರು. ಅಯ್ಯನವರು ಹೋದ ಮೇಲೆ ಆ ಭಾನುವಾರದ ಓದು ಯಾವುದೆಂದು ನೋಡಿದೆ. ಮಾರ್ಥ ಮತ್ತು ಮರಿಯ. ನನ್ನ ಹಣೆಬರಹ.

ಶನಿವಾರ ಸಂಜೆ ನಾನು ಮಣೆ ಹಾಕಿ ಕಾದೆ. ಮೀನುಗಾರಿಕೆಗೆ ರಜೆಯ ತಿಂಗಳು, ಕೊಯ್ಯಲು ಹಸಿ ಮೀನಿಲ್ಲ, ಒಣಮೀನಿನ ತಲೆ ಮುರಿಯುತ್ತಾ ಕೂತಿದ್ದೆ. ಇವರು ಬಾಗಿಲಲ್ಲಿ ಕೋಲೂರಿ ನಿಂತು “ಎಲ್ಲೆ ಕೇನ್” ಎಂದರು. ನಾಳೆ ಕೇಳು. ಮದುವೆಯಾದ ಮೇಲೆ ಮೊದಲ ಸಲ ಪ್ರಸಂಗ ನನ್ನ ಅಡಿಗೆಮನೆಗೆ ಬರದೆ ನೇರ ಚರ್ಚಿಗೆ ಹೊರಟಿತ್ತು. ಏನು ಹೇಳುತ್ತಾರೆಂದೇ ತಿಳಿಯದೆ ಅದನ್ನು ಕನ್ನಡ ಮಾಡಬೇಕು. ಹೆದರಿಕೆಯಾಯಿತು, ಸಿಟ್ಟೂ ಬಂತು.

ಮರುದಿನ ಹೆಂಚಿನ ಮೇಲೆ ಮಳೆ ಹೊಡೆಯುತ್ತಿತ್ತು. ಪ್ರಸಂಗಪೀಠದ ಮೆಟ್ಟಿಲು ಹತ್ತಲು ಇವರಿಗೆ ಆಗದು. ಇಬ್ಬರೂ ಕೆಳಗೇ ನಿಂತೆವು. ಇವರು ನಿಧಾನವಾಗಿ ಒಂದು ಮಾತು ಹೇಳುವುದು, ನಾನು ಅದನ್ನು ಕನ್ನಡದಲ್ಲಿ ಹೇಳುವುದು. ಕಥೆ ಹೇಳಿ ಮುಗಿಸುವ ತನಕ ಸಲೀಸಾಗಿ ಹೋಯಿತು. ಯಾರೂ ನಗಲಿಲ್ಲ. ಆಮೇಲೆ ಇವರು ತುಳುವಿನಲ್ಲಿ ಹೇಳಿದರು:

“ಈ ಕಥೆ ನಾನು ಎಷ್ಟೋ ಸಲ ಹೇಳಿದ್ದೇನೆ. ಪ್ರತಿ ಸಲ ಮರಿಯಳ ಪರ ಹೇಳಿದೆ.”

ನಾನು ಅದನ್ನು ಕನ್ನಡದಲ್ಲಿ ಹೇಳಿದೆ.

“ಈ ವರ್ಷ ನನ್ನ ಬಾಯಿಗೆ ಗಂಜಿ ಹಾಕಿದ್ದು ಮಾರ್ಥ. ಬೇಡ ಅಂದರೂ ಹಾಕಿದಳು.”

ನಾನು ಬಾಯಿ ತೆರೆಯುವ ಮೊದಲೇ ಜನ ನಕ್ಕರು. ತುಳು ಹೆಚ್ಚಿನವರಿಗೆ ಬರುತ್ತದಲ್ಲ. ಅಯ್ಯನವರು ಮಾತ್ರ ನನ್ನ ಮುಖ ನೋಡುತ್ತಿದ್ದರು. ಹೇಗೋ ಅದನ್ನೂ ಹೇಳಿ ಮುಗಿಸಿದೆ.

“ಕರ್ತನು ಮಾರ್ಥಳನ್ನು ಹೆಸರು ಹಿಡಿದು ಎರಡು ಸಲ ಕರೆದ. ಬೈಯುವವನು ಹಾಗೆ ಕರೆಯುವುದಿಲ್ಲ. ಅವಳು ದಣಿದದ್ದು ಅವನಿಗೆ ಕಂಡಿತು. ನನಗೆ ಕಾಣಲಿಲ್ಲ. ನಾನು ಎಂದೂ ಮಾರ್ಥಳಿಗೆ ಕೂತುಕೋ ಎನ್ನಲಿಲ್ಲ.”

ಅರ್ಧಕ್ಕೇ ನನ್ನ ಕನ್ನಡ ನಿಂತಿತು. ಇವರು ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದರು:

“ಕುಲ್ಲು.”

ಅಯ್ಯನವರು ತಮ್ಮ ಕುರ್ಚಿಯಿಂದ ಬಗ್ಗಿ ಪಿಸುಗುಟ್ಟಿದರು. “ಏನಂದ್ರು ಅಮ್ಮ?”

“ಕೂತುಕೋ ಅಂತ ಹೇಳ್ತಿದ್ದಾರೆ” ಎಂದೆ.

ಮತ್ತೆ, ಇಡೀ ಸಭೆಯ ಎದುರು, ಪ್ರಸಂಗಪೀಠದ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಉಳಿದ ಪ್ರಸಂಗವನ್ನು ಇವರು ತುಳುವಿನಲ್ಲೇ ಮುಗಿಸಿದರು. ಯಾರೂ ಅದನ್ನು ಕನ್ನಡ ಮಾಡಲಿಲ್ಲ, ಅಯ್ಯನವರೂ ಕೇಳಲಿಲ್ಲ.

ಮನೆಗೆ ಬಂದು ಅಡಿಗೆ ನಾನೇ ಮಾಡಿದೆ, ಮತ್ತೆ ಇನ್ನಾರು ಮಾಡುವುದು? ಇವರು ಅಡಿಗೆಮನೆಗೆ ಬಂದು ನನ್ನ ಮಣೆಯ ಪಕ್ಕ ಕುರ್ಚಿ ಎಳೆದುಕೊಂಡು, ಆಡುವ ಎಡಗೈಯೊಂದರಲ್ಲೇ ಬೆಳ್ಳುಳ್ಳಿ ಸುಲಿಯಲು ಕೂತರು. ಒಂದು ಎಸಳು ಸುಲಿಯುವಷ್ಟರಲ್ಲಿ ನನ್ನ ಸಾರು ಕುದಿದಿತ್ತು. ಆ ಒಂದು ಎಸಳನ್ನು ಒಗ್ಗರಣೆಗೆ ಹಾಕಿದೆ.