ಟೈಲರ್ ರುದ್ರಣ್ಣನ ಐದು ಸಾವಿರ ಕಿಲೋಮೀಟರ್

ಆಲ್ದೂರಿನ ಟೈಲರ್ ರುದ್ರಣ್ಣ ಗಿರಾಕಿಯ ಸೊಂಟದ ಅಳತೆಯನ್ನು ಬೇಕಾದರೆ ಮರೆಯುತ್ತಿದ್ದ, ಫಿಜಿಯಿಂದ ಐಸ್‌ಲ್ಯಾಂಡಿಗೆ ವಿಮಾನ ಎಷ್ಟು ದೂರ ಹಾರಬೇಕೆಂಬುದನ್ನು ಮರೆಯುತ್ತಿರಲಿಲ್ಲ. ಹಾಗೆಂದು ಮಂಗಳೂರಿನ ವಿಮಾನ ನಿಲ್ದಾಣವನ್ನೂ ಕಂಡವನಲ್ಲ. ಎಸ್‌ಟಿಡಿ ಬೂತಿನ ಪಕ್ಕ ಅವನ ಅಂಗಡಿ. ಯಾವುದೋ ಎಸ್ಟೇಟ್ ಬಂಗಲೆಯವರು ಬೇಡವೆಂದು ಕೊಟ್ಟಿದ್ದ ಗ್ಲೋಬೊಂದು ಹೊಲಿಗೆ ಮಿಷನ್ನಿನ ಮೇಲೆಯೇ ಇರುತ್ತಿತ್ತು. ಯಾರೂ ಕೇಳಿರದ ಎರಡು ವಿಮಾನ ನಿಲ್ದಾಣಗಳನ್ನು ಹುಡುಕಿ, ಒಂದರಿಂದ ಇನ್ನೊಂದಕ್ಕೆ ಬಿಳಿ ನೂಲು ಎಳೆದು, ಅಂಥ ಎಷ್ಟು ನೂಲು ಸೇರಿದರೆ ಭೂಮಿಗೆ ಒಂದು ಸುತ್ತಾಗುತ್ತದೆಂದು ಲೆಕ್ಕ ಹಾಕುತ್ತಿದ್ದ. ಅಷ್ಟರಲ್ಲಿ ಗಿರಾಕಿಯ ಪ್ಯಾಂಟು ಗಿಡ್ಡವಾಗಿರುತ್ತಿತ್ತು. ‘ಬೆಂಗ್ಳೂರು ಎಷ್ಟು ದೂರ ಅಂತ ಬಸ್ಸಿನವ್ರೇ ಹೇಳ್ತಾರೆ. ಯಾರೂ ಹೇಳ್ದೇ ಇರೋದ್ನ ಅಳೀಬೇಕು ಮಾರಾಯ್ರೇ’ ಎನ್ನುತ್ತಿದ್ದ.

ನಾನು ಅಲ್ಲೇ ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳುವ ಮೇಷ್ಟ್ರು. ಆರನೇ ಕ್ಲಾಸಿನಲ್ಲಿದ್ದ ನನ್ನ ಮಗಳು ಸುಮ ಶಾಲೆ ಬಿಟ್ಟೊಡನೆ ಅವನ ಅಂಗಡಿಗೆ ಓಡುತ್ತಿದ್ದಳು. ಊಟಕ್ಕೆ ಕೂತರೆ ‘ರುದ್ರಣ್ಣ ಹೇಳಿದ್ರು’ ಎಂದೇ ಮಾತು ಶುರು. ಬಿ.ಎಡ್. ಮಾಡಿದ ಅಪ್ಪ ಎದುರಿಗೇ ಇದ್ದರೂ ಏಳನೇ ಕ್ಲಾಸಿಗೇ ಶಾಲೆ ಬಿಟ್ಟ ಟೈಲರ್ ಹೇಳಿದ್ದೇ ವೇದ. ಮುಚ್ಚಿಟ್ಟು ಪ್ರಯೋಜನವಿಲ್ಲ, ನನಗೆ ಹೊಟ್ಟೆಕಿಚ್ಚು.

ಒಂದು ದಿನ ಅವಳು, ‘ಅಪ್ಪ, ನಾರ್ವೆಯ ಟ್ರಾಮ್ಸೋ ಏರ್‌ಪೋರ್ಟಿಂದ ಅಲಾಸ್ಕದ ನೋಮ್ ಏರ್‌ಪೋರ್ಟಿಗೆ ಎಷ್ಟು ದೂರ?’ ಎಂದಳು. ಗೋಡೆಯ ಭೂಪಟದ ಮೇಲೆ ಸ್ಕೇಲಿಟ್ಟು ನೋಡಿ, ಹತ್ತಿರ ಹತ್ತಿರ ಇಪ್ಪತ್ತು ಸಾವಿರ ಕಿಲೋಮೀಟರ್ ಎಂದೆ. ಅವಳು ಕಿಸಕ್ಕನೆ ನಕ್ಕಳು. ‘ರುದ್ರಣ್ಣ ಐದೇ ಸಾವಿರ ಅಂದ್ರು.’

ನೇರ ಅಂಗಡಿಗೆ ಹೋಗಿ, ‘ಮಕ್ಕಳ ತಲೆ ಕೆಡಿಸ್ಬೇಡ ಮಾರಾಯ’ ಎಂದು ಎಗರಾಡಿದೆ. ಅವನಿಗೆ ಸಿಟ್ಟು ಬರಲಿಲ್ಲ. ‘ನಿಮ್ಮ ಪಟ ಚಪ್ಪಟೆ ಅಲ್ವಾ ಮೇಷ್ಟ್ರೇ, ಭೂಮಿ ಉಂಡೆ. ಅಡ್ಡ ಯಾಕೆ ಹೋಗ್ಬೇಕು, ನೆತ್ತಿ ಮೇಲಿಂದ ದಾಟಿದ್ರಾಯ್ತು. ಈ ನೂಲು ಎಂಟು ಸಲ ಹಾಕಿದ್ರೆ ಭೂಮಿಗೆ ಒಂದು ಸುತ್ತು, ನಲವತ್ತು ಸಾವಿರ. ನೀವೇ ಒಂದ್ಸಲ ಅಳೆದು ನೋಡಿ’ ಎಂದ.

ಮರುದಿನ ಸ್ಟಾಫ್ ರೂಮಿನ ಬಾಗಿಲು ಹಾಕಿಕೊಂಡು ಶಾಲೆಯ ಗ್ಲೋಬಿನ ಮೇಲೆ ನೂಲೆಳೆದೆ. ಉತ್ತರ ಧ್ರುವದ ತಿರುಪಿನ ಪಕ್ಕದಲ್ಲೇ ಹಾದುಹೋಯಿತು. ಎಂಟು ಸಲಕ್ಕೆ ಒಂದು ಸುತ್ತು. ಇನ್ನೊಮ್ಮೆ ಅಳೆದೆ. ಆಗಲೂ ಎಂಟೇ.

ಆ ವಾರವೇ ಪೇಟೆಯಲ್ಲಿ ರುದ್ರಣ್ಣ ಎದುರಾದ. ಸುಮ ನನ್ನ ಜೊತೆಗಿದ್ದಳು. ‘ಅಳೆದ್ರಾ ಮೇಷ್ಟ್ರೇ?’ ಎಂದ.

‘ಅಳೆದೆ. ನಿನ್ನ ಲೆಕ್ಕ ತಪ್ಪು’ ಎಂದೆ.

ಅವನು ನನ್ನ ಮುಖ ನೋಡಿದ. ನಾನು ಅಂಗಡಿ ಬೋರ್ಡುಗಳನ್ನು ಓದುತ್ತಾ ನಿಂತೆ. ಅವನು ಬಗ್ಗಿ ಸುಮಳಿಗೆ ಹೇಳಿದ: ‘ನಂದೇ ತಪ್ಪು ಪುಟ್ಟಿ. ಇನ್ಮೇಲೆ ಏನಿದ್ರೂ ಅಪ್ಪನ್ನೇ ಕೇಳು.’

ಅವಳು ಮತ್ತೆ ಆ ಅಂಗಡಿಗೆ ಹೋಗಲಿಲ್ಲ. ನನ್ನ ಪಕ್ಕ ಕೂತು ಪ್ರಶ್ನೆ ಕೇಳತೊಡಗಿದಳು. ನನ್ನ ಖುಷಿ ಹೇಳತೀರದು. ರುದ್ರಣ್ಣನ ಗ್ಲೋಬು ಅಟ್ಟ ಸೇರಿತು, ಅವನು ಹೊಲಿದ ಪ್ಯಾಂಟುಗಳು ಸರಿಯಾದ ಉದ್ದಕ್ಕೆ ಬರತೊಡಗಿದವು.

ಅವನು ತೀರಿಕೊಂಡಾಗ ಸುಮ ಕಾಲೇಜಿನಲ್ಲಿದ್ದಳು. ಮಣ್ಣು ಮಾಡಿ ಬಂದು ಕೂತಿದ್ದೆ. ಅವಳು ಕಣ್ಣೊರೆಸಿಕೊಳ್ಳುತ್ತಾ, ‘ಎಷ್ಟು ಒಳ್ಳೆಯವ್ರು. ಪಾಪ, ಅಳತೆ ಮಾತ್ರ ಎಲ್ಲಾ ತಪ್ಪೇ, ಅಲ್ವಾ ಅಪ್ಪ?’ ಎಂದಳು.

ಆಗಲಾದರೂ ಹೇಳಬಹುದಿತ್ತು. ನಾನು ಸತ್ತರೂ ಇವಳು ಇಷ್ಟು ಅಳುತ್ತಾಳೋ ಇಲ್ಲವೋ ಎಂದು ಯೋಚಿಸುತ್ತಿದ್ದೆ.

‘ಹೂಂ’ ಎಂದೆ.