ಎಡಗಿವಿಗೆ ಕೇಳಿದ್ದು

ನನ್ನ ಸೋದರಮಾವನ ಎರಡೂ ಕಿವಿಗಳ ಸುತ್ತ ಸದಾ ಕೆಂಪು ಉಂಗುರಗಳಿರುತ್ತಿದ್ದವು. ಹೆಡ್‌ಫೋನಿನ ಮೆತ್ತೆಗಳು ಒತ್ತಿ ಮೂಡಿದ ಗುರುತು ಅದು. ಮದುವೆಮನೆಯ ಪಂಕ್ತಿಯಲ್ಲಿ ಕೂತಾಗಲೂ ಮಾಸಿರುತ್ತಿರಲಿಲ್ಲ.

ಅವರು ಮುಳಬಾಗಿಲಿನವರು. ಮಾಲೂರಿನ ಹೆಡ್‌ಫೋನು ಕಾರ್ಖಾನೆಯೊಂದರ ತಪಾಸಣಾ ವಿಭಾಗಕ್ಕೆ ಮುಖ್ಯಸ್ಥರಾಗಿದ್ದು, ನಿವೃತ್ತಿಯ ನಂತರ ಅದೇ ಊರಿನಲ್ಲಿ, ನಮ್ಮ ಪಕ್ಕದ ಬೀದಿಯಲ್ಲೇ ಉಳಿದರು. ನನ್ನನ್ನು ತೆಲುಗಿನಲ್ಲಿ ‘ಅಮ್ಮಾಯಿ’, ಅಂದರೆ ಹುಡುಗಿ, ಎಂದು ಕರೆಯುತ್ತಿದ್ದರು. ಬೈಯುವಾಗ ಮಾತ್ರ ಆ ಹೆಸರು ಬಾಯಿಗೆ ಬರುತ್ತಿರಲಿಲ್ಲ.

ಅವರ ಹೆಡ್‌ಫೋನು ಸುಲಭಕ್ಕೆ ಯಾರ ಕೈಗೂ ಸಿಗುತ್ತಿರಲಿಲ್ಲ. ಕೇಳಬೇಕೆಂದರೆ ಮೊದಲು ಪಾಠ. ಒಳಗಿನ ತೆಳು ಪರದೆ ಹೇಗೆ ಅದುರುತ್ತದೆ, ತಗ್ಗಿನ ಸದ್ದು ಯಾವುದು, ಏರಿನದು ಯಾವುದು ಎಂದು ಹೇಳಿ ಮುಗಿಸುವಷ್ಟರಲ್ಲಿ ಬಂದವರ ಕಾಫಿ ಕೆನೆ ಕಟ್ಟಿರುತ್ತಿತ್ತು. “ಮೊದ್ಲು ಹಾಡು ಹಾಕ್ರೀ, ಆಮೇಲೆ ಪಾಠ” ಎಂದು ಅತ್ತೆ ಒಳಗಿನಿಂದ ಕೂಗುತ್ತಿದ್ದರು.

ನಾನೂ ಒಮ್ಮೆ ತಡೆಯಲಾರದೆ ಹೇಳಿದೆ: “ಮಾವ, ಹಾಡು ಕೇಳಕ್ಕೆ ಇದೆಲ್ಲ ಯಾಕೆ? ಚೆನ್ನಾಗಿದ್ರೆ ಚೆನ್ನಾಗಿದೆ, ಅಷ್ಟೇ.”

ಅವರ ಮುಖ ಕಪ್ಪಿಟ್ಟಿತು. “ಹಂಗಾದ್ರೆ ಇದನ್ನ ಮುಟ್ಬೇಡ. ಟ್ರೈನಲ್ಲಿ ಹಾಕ್ಕೊಂಡು ಹೋಗ್ತೀಯಲ್ಲ, ಆ ಇಯರ್‌ಫೋನ್ ದಾರನೇ ಸಾಕು ನಿಂಗೆ!”

ಆಮೇಲೆ ನಾವು ಮಾತು ಬಿಟ್ಟೆವು. ಬೀದಿಯಲ್ಲಿ ಎದುರಾದರೂ ಅವರು ಮುಖ ತಿರುಗಿಸುತ್ತಿದ್ದರು. ನಾನು ಕೆಲಸಕ್ಕೆ ರಜೆ ಹಾಕಿದ್ದ ಒಂದು ದಿನ ರಾಜಿ ಮಾಡಿಸಲೆಂದು ಅತ್ತೆ ನನ್ನನ್ನೂ ಅಮ್ಮನನ್ನೂ ತಿಂಡಿಗೆ ಕರೆದರು. ಮಾವ ಬಿಗುಮಾನದಿಂದಲೇ ಹೆಡ್‌ಫೋನು ಮುಂದೆ ಚಾಚಿದರು. “ತಗೋ. ಪಾಠ ಮಾಡಲ್ಲ. ಕೇಳು.”

ಹಾಡು ಪೂರ್ತಿ ಬಲಕ್ಕೆ ವಾಲಿತ್ತು. ಅಷ್ಟು ಹೊಗಳಿಕೊಳ್ಳುವ ವಸ್ತು ಇದೇನಾ ಎಂದು ನನಗೆ ಒಳಗೊಳಗೇ ನಗು. “ಮಾವ, ಎಡಗಡೆ ಕೆಟ್ಟೋಗಿದೆ.”

ಅವರು ಕಸಿದುಕೊಂಡು ತಮ್ಮ ಕಿವಿಗಿಟ್ಟರು. ಹುಬ್ಬು ಗಂಟಿಕ್ಕಿತು. ಎಡದ್ದು ಬಲಕ್ಕೆ ಬರುವಂತೆ ತಿರುಗಿಸಿ ತಾವೇ ನನ್ನ ತಲೆಗೆ ಹಾಕಿದರು. “ಈಗ?”

“ಈಗ್ಲೂ ಬಲಗಡೆನೇ.”

ಅವರ ಕೈ ನನ್ನ ತಲೆಯ ಮೇಲೆಯೇ ನಿಂತಿತು. “ಹೆಡ್‌ಫೋನ್ ಸರಿಯಾಗೈತೆ, ಅಮ್ಮಾಯಿ” ಎಂದರು ಮೆಲ್ಲಗೆ. “ನಿನ್ನ ಕಿವಿ ಯಾವಾಗ್ಲಿಂದ ಹಿಂಗೆ?”

ಹಿಂದಿನ ದಿನ ಎದ್ದಾಗಿನಿಂದ ಎಡಗಿವಿ ಕಟ್ಟಿದ ಹಾಗಿತ್ತು. ನೆಗಡಿ ಎಂದುಕೊಂಡಿದ್ದೆ. ಅಮ್ಮನೂ ಅದನ್ನೇ ಹೇಳಿದಳು: “ಬಿಸಿ ಎಣ್ಣೆ ಬಿಟ್ರೆ ಬಿಡುತ್ತೆ ಬಿಡೋ.”

“ಅಕ್ಕಾ, ಎಣ್ಣೆಗಿಣ್ಣೆ ಬಿಟ್ಟೀಯ, ಹುಷಾರು!” ಮಾವ ಕಿರುಚಿದರು. ಅಕ್ಕನಿಗೆ ಎದುರಾಡಿದವರೇ ಅಲ್ಲ ಅವರು. “ದಿಢೀರಂತ ಒಂದೇ ಕಿವಿ ಹೋದ್ರೆ ಕಾಯಬಾರ್ದು. ಎದ್ದೇಳೇ!”

ಚಪ್ಪಲಿ ಮೆಟ್ಟಿಕೊಂಡು ಸ್ಟೇಷನ್ನಿಗೆ ಓಡಿದೆವು. ಬೆಂಗಳೂರಿನ ರೈಲಿನಲ್ಲಿ ಅವರು ನನ್ನ ಎಡಗಿವಿಯ ಬಳಿ ಬೆರಳು ಉಜ್ಜಿ “ಕೇಳ್ತಾ?” ಎಂದು ಸನ್ನೆಯಲ್ಲಿ ಕೇಳುತ್ತಿದ್ದರು. ನಾನು ಇಲ್ಲವೆಂದು ತಲೆಯಾಡಿಸುತ್ತಿದ್ದೆ. ರೈಲಿನ ಗದ್ದಲ ಇರಬಹುದು ಎಂದು ತಮಗೆ ತಾವೇ ಹೇಳಿಕೊಳ್ಳುತ್ತಿದ್ದರು.

ಪರೀಕ್ಷೆ ಮಾಡಿದ ಡಾಕ್ಟರು ಮಾವನ ಕಡೆ ನೋಡಿದರು. “ಒಳಗಿವಿಯ ತೊಂದರೆ. ಬೇಗ ಬಂದಿದ್ದು ಒಳ್ಳೇದಾಯ್ತು. ಔಷಧಿ ಶುರು ಮಾಡೋಣ. ಪೂರ್ತಿ ವಾಪಸ್ ಬರುತ್ತೆ ಅಂತ ಮಾತ್ರ ಹೇಳಕ್ಕಾಗಲ್ಲ.”

ಔಷಧಿ ನಡೆದ ವಾರಗಳ ತುಂಬ ಎಡಗಡೆ ಬರೀ ಗುಂಯ್ ಎನ್ನುವ ಸದ್ದು. ಮಾವ ದಿನಾ ಸಂಜೆ ಹೆಡ್‌ಫೋನು ಹಿಡಿದು ಬರುತ್ತಿದ್ದರು. ಸಣ್ಣಗೆ ಒಂದು ಹಾಡು ಹಾಕಿ ನನ್ನ ಮುಖವನ್ನೇ ನೋಡುತ್ತ ಕೂರುತ್ತಿದ್ದರು. ನಾನು ಇಲ್ಲವೆಂದಾಗ ಎದ್ದು ಹೋಗುತ್ತಿದ್ದರು. ಒಂದು ಸಂಜೆ ಬಾಗಿಲಾಚೆ ನಿಂತು ಕಣ್ಣೊರೆಸಿಕೊಂಡದ್ದನ್ನು ಅಮ್ಮ ನೋಡಿದಳಂತೆ.

ಕೊನೆಗೊಂದು ದಿನ ಎಡಗಡೆ ತಂಬೂರಿಯ ಶ್ರುತಿ ನೂಲಿನ ಎಳೆಯಷ್ಟು ಕೇಳಿಸಿತು. ಮರುದಿನ ಅದರ ಮೇಲೆ ಹಾಡುವವಳ ದನಿಯೂ ಬಂತು. ನಾನು ಅಳುತ್ತಿದ್ದೆ. ಯಾವ ಸದ್ದು, ಎಷ್ಟು ಏರಿನದು ಎಂದು ಮಾವ ಜೀವ ತಿನ್ನುತ್ತಾರೆ ಅಂದುಕೊಂಡೆ. ಅವರು ಕೇಳಿದ್ದು ಒಂದೇ: “ಚೆನ್ನಾಗೈತಾ?”

“ಚೆನ್ನಾಗಿದೆ ಮಾವ.”

“ಅಷ್ಟು ಸಾಕು.” ತಡವರಿಸುತ್ತ ಹೇಳಿದರು: “ನೀನು ಹೇಳಿದ್ದು ತಪ್ಪಲ್ಲ ಅಮ್ಮಾಯಿ. ತಿಳ್ಕೊಂಡಿದ್ರಿಂದ ಹಾಡು ಸಿಹಿಯಾಗಲ್ಲ. ಏನು ಕಳೆದೋಯ್ತು ಅಂತ ಬೇಗ ಗೊತ್ತಾಗುತ್ತೆ, ಅಷ್ಟೇ.”

ತೀರಾ ಏರಿನ ಕೆಲವು ಸದ್ದುಗಳು ನನಗೆ ಮತ್ತೆ ಬರಲಿಲ್ಲ. ಉಳಿದದ್ದೆಲ್ಲ ಬಂತು.

ಹೋದ ವರ್ಷ ಮಾವ ಹೃದಯಾಘಾತದಿಂದ ತೀರಿಕೊಂಡರು. ಮುಳಬಾಗಿಲಿನ ಅವರ ಹಳೇ ಮನೆಯಂಗಳದಲ್ಲಿ ಜನ ಸೇರಿ ಅಳುತ್ತಿದ್ದರು. ಅತ್ತೆ ಬಂದು ನನ್ನ ಎಡಕ್ಕೆ ಕೂತರು. ಆ ಗದ್ದಲದ ನಡುವೆ ಬಾಗಿ ಪಿಸುಗುಟ್ಟಿದರು: “ಮೊನ್ನೆ ಕೂಡ ಕೇಳಿದ್ರು ಕಣೇ, ಅಮ್ಮಾಯಿ ಕಿವಿ ಹೆಂಗೈತೆ ಅಂತ.”

ಒಂದಕ್ಷರ ಬಿಡದೆ ನನಗೆ ಕೇಳಿಸಿತು.